ಲಂಡನ್ ಎಷ್ಟಾಯ್ತು?

ನಾನು ಒಂದನೇ ಕ್ಲಾಸಿನಲ್ಲಿದ್ದಾಗ ಲಂಡನ್ ಬಿದ್ದಿತ್ತು.

ಹಾಗಂತ ಹೇಳಿದ್ದು ಅಪ್ಪ. ಸುಂಟಿಕೊಪ್ಪ ಪೇಟೆಯಿಂದ ಬಂದವರು ನೆಂದ ಕೊಡೆಯನ್ನು ಜಗಲಿಯ ಮೂಲೆಯಲ್ಲಿ ಬಿಡಿಸಿಟ್ಟು, ಅಡುಗೆ ಮನೆಯಲ್ಲಿದ್ದ ಅಮ್ಮನಿಗೆ ಕೇಳುವ ಹಾಗೆ "ಲಂಡನ್ ಮತ್ತೆ ಬಿತ್ತು" ಅಂದರು. ಅಮ್ಮ ಏನೂ ಹೇಳಲಿಲ್ಲ. ಆ ವರ್ಷದ ಮಳೆಗೆ ನಮ್ಮ ಕೊಟ್ಟಿಗೆಯ ಒಂದು ಗೋಡೆ ಕುಸಿದಿತ್ತು. ನನ್ನ ತಲೆಯಲ್ಲಿ ಲಂಡನ್ ಕೂಡ ಅಂಥದ್ದೇ ಒಂದು ಗೋಡೆ. ಅದು ಬಿದ್ದರೆ ಆ ವರ್ಷ ಹೊಸ ಯೂನಿಫಾರಂ ಇಲ್ಲ, ಎದ್ದರೆ ಇದೆ. ಅದೊಂದು ಊರು, ಅಲ್ಲಿ ಜನ ಇದ್ದಾರೆ, ಬಸ್ಸು ಓಡುತ್ತದೆ ಅಂತ ಗೊತ್ತಾದದ್ದು ಆಮೇಲೆ.

ಕಾಫಿ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಸ್ವಲ್ಪ. ದೇಶದಲ್ಲಿ ಬೆಳೆಯುವ ಕಾಫಿಯಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಕೊಡಗಿನದು, ಅದರಲ್ಲಿ ಹೆಚ್ಚಿನದು ರೊಬಸ್ಟಾ ಜಾತಿಯದು, ಇನ್ನೊಂದು ಜಾತಿ ಅರೇಬಿಕಾ. ಜಗತ್ತಿನ ಅರೇಬಿಕಾದ ಬೆಲೆ ನಿಲ್ಲುವುದು ನ್ಯೂಯಾರ್ಕಿನ ಮಾರುಕಟ್ಟೆಯಲ್ಲಿ, ರೊಬಸ್ಟಾದ ಬೆಲೆ ಲಂಡನ್ನಿನಲ್ಲಿ. ಟನ್ನಿಗೆ ಇಷ್ಟು ಡಾಲರ್ ಅಂತ. ಮೊದಲು ಬೆಳೆದದ್ದನ್ನೆಲ್ಲ ಕಾಫಿ ಬೋರ್ಡಿಗೆ ಕೊಡಬೇಕಿತ್ತು, ಪೂಲಿಂಗ್ ಅನ್ನುತ್ತಿದ್ದರು. 90ರ ದಶಕದಲ್ಲಿ ಅದು ಹೋಯಿತು. ಅಲ್ಲಿಂದ ಲಂಡನ್ ನೇರವಾಗಿ ನಮ್ಮ ಜಗಲಿಗೇ ಬಂತು. 2001-02ರಲ್ಲಿ ಟನ್ನಿಗೆ 500 ಡಾಲರಿಗಿಂತಲೂ ಕೆಳಗೆ ಇಳಿದಿತ್ತು. ಅಪ್ಪ ಕೊಡೆ ಬಿಡಿಸಿಟ್ಟು ಹೇಳಿದ್ದು ಅದನ್ನೇ.

ನಮ್ಮ ಮನೆಮಾತು ಅರೆಭಾಷೆ. ಆದರೆ ರೇಟು ಕೇಳುವಾಗ ಮಾತ್ರ ಅಪ್ಪ ಯಾಕೋ ಕನ್ನಡಕ್ಕೆ ಬರುತ್ತಾರೆ. ಪೇಟೆಯ ವ್ಯಾಪಾರಿಯ ಹತ್ತಿರ ಮಾತಾಡಿ ಮಾತಾಡಿ ಬಂದ ಅಭ್ಯಾಸ ಇರಬೇಕು. "ಲಂಡನ್ ಎಷ್ಟಾಯ್ತು?"

ಅಂಥ ಲಂಡನ್ನಿಗೆ ನಾನು ಓದಲು ಹೋದೆ. 2018ರ ಸೆಪ್ಟೆಂಬರಿನಲ್ಲಿ. ಪರಿಸರ ವಿಷಯದಲ್ಲಿ ಒಂದು ವರ್ಷದ ಎಂಎಸ್ಸಿ.

ಆ ವರ್ಷದ ಆಗಸ್ಟ್ ನಮ್ಮ ಕಡೆಯವರಿಗೆ ಮರೆಯುವಂಥದ್ದಲ್ಲ. 16, 17ನೇ ತಾರೀಕು ಗುಡ್ಡಗಳು ಜಾರಿದವು. ಮಕ್ಕಂದೂರು, ಜೋಡುಪಾಲ, ಮಾದಾಪುರದ ಆಚೆಯ ಊರುಗಳು. ಕುಶಾಲನಗರದಲ್ಲಿ ಕಾವೇರಿ ಬಡಾವಣೆಗಳಿಗೆ ನುಗ್ಗಿತ್ತು. ನನ್ನ ವೀಸಾ ಅಂಟಿಸಿದ ಪಾಸ್‌ಪೋರ್ಟ್ ಬೆಂಗಳೂರಿನಿಂದ ಹೊರಟು ದಾರಿಯಲ್ಲೇ ಎಲ್ಲೋ ಎಂಟು ದಿನ ಕುಳಿತಿತ್ತು. ಮನೆಯಲ್ಲಿ ಅದರ ಬಗ್ಗೆ ಕೇಳುವುದಕ್ಕೂ ನಾಚಿಕೆ. ಮಾದಾಪುರ ಕಡೆಯ ನಮ್ಮ ನೆಂಟರ ಮನೆ ತೋಟದ ಸಮೇತ ಹೋಗಿತ್ತು. ಅವರು ಆರು ಜನ ನಮ್ಮ ಮನೆಯಲ್ಲಿದ್ದರು. ಒಬ್ಬರ ಜೀವನ ಗುಡ್ಡದ ಕೆಳಗೆ ಸೇರಿರುವಾಗ ನಾನು ಸೂಟ್‌ಕೇಸಿನ ತೂಕ ನೋಡುತ್ತಿದ್ದೆ. ಹೊರಡುವ ದಿನ ಆ ಮನೆಯ ಅಜ್ಜಿ ನನ್ನ ಕೈ ಹಿಡಿದು, "ಅಲ್ಲಿ ಗುಡ್ಡ ಇಲ್ಲ ಅಲ್ವಾ? ಹಾಗಾದ್ರೆ ಹೋಗು" ಅಂದರು.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ವಿದೇಶದಲ್ಲಿ ಓದಿದವರು ಬರೆಯುವಾಗ ಇದನ್ನು ಯಾಕೋ ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗೆ ಆಗುವುದಿಲ್ಲ, ಆ ವರ್ಷವಿಡೀ ನಾನು ಯೋಚಿಸಿದ್ದು ಮುಖ್ಯವಾಗಿ ಅದನ್ನೇ.

ಫೀಸು 14,000 ಪೌಂಡ್. ಅದರ ಮೇಲೆ, ಲಂಡನ್ನಿನಲ್ಲಿ ಬದುಕಲು ತಿಂಗಳಿಗೆ 1,265 ಪೌಂಡಿನಂತೆ ಒಂಬತ್ತು ತಿಂಗಳಿನದು, ಅಂದರೆ 11,385 ಪೌಂಡ್, ಖಾತೆಯಲ್ಲಿ 28 ದಿನ ಅಲ್ಲಾಡದೆ ಇದೆ ಅಂತ ವೀಸಾಕ್ಕೆ ತೋರಿಸಬೇಕಿತ್ತು. ಪೌಂಡಿಗೆ ಆಗ 92 ರೂಪಾಯಿ ಆಸುಪಾಸು. ಸಾಲಕ್ಕೆ ತೋಟದ ಪತ್ರ ಕೇಳಿದರು. ಕೊಡಗಿನ ಜಮ್ಮಾ ಜಾಗದ, ಅಂದರೆ ಕುಟುಂಬಕ್ಕೆ ತಲೆಮಾರಿನಿಂದ ಬಂದ ಭೂಮಿಯ, ಆರ್‌ಟಿಸಿ ಹೇಗಿರುತ್ತದೆ ಅಂತ ಗೊತ್ತಿರುವವರಿಗೆ ಗೊತ್ತು. ತೀರಿಹೋದ ಪಟ್ಟೆದಾರರ ಹೆಸರು, ಅವರ ಅಣ್ಣತಮ್ಮಂದಿರ ಹೆಸರು, ಎಲ್ಲೋ ಕೊನೆಗೆ ನಾವು. ಒಬ್ಬೊಬ್ಬರ ಮನೆಗೂ ಹೋಗಿ ಅಪ್ಪ ಸಹಿ ಹಾಕಿಸಿಕೊಂಡು ಬಂದರು. ಮೂರು ತಿಂಗಳು ಹಿಡಿಯಿತು. ಪ್ರತಿ ಮನೆಯಲ್ಲೂ ಕಾಫಿ ಕುಡಿಯಬೇಕು, ಪ್ರತಿ ಮನೆಯಲ್ಲೂ "ಮಗಳನ್ನು ಅಷ್ಟು ದೂರ ಯಾಕೆ" ಅನ್ನುವ ಮಾತಿಗೆ ಉತ್ತರ ಕೊಡಬೇಕು.

ನಮ್ಮದು ಆರು ಎಕರೆ. ಒಳ್ಳೆಯ ವರ್ಷ ನೂರು ಚೀಲ ಚೆರ್ರಿ. ಚೀಲ ಅಂದರೆ ಒಣಗಿಸಿದ ಹಣ್ಣು, 50 ಕೆಜಿ. ಆ ವರ್ಷ ರೊಬಸ್ಟಾ ಚೆರ್ರಿಗೆ ಚೀಲಕ್ಕೆ ಮೂರೂವರೆ ಸಾವಿರ ಸಿಕ್ಕರೆ ಪುಣ್ಯ. ಅಂದರೆ ಫೀಸು ಒಂದೇ 368 ಚೀಲ. ಗೊಬ್ಬರ, ಕೂಲಿ, ಮೋಟರಿನ ಡೀಸೆಲ್ ಯಾವುದನ್ನೂ ಕಳೆಯದೆ, ಒಂದು ಕಾಳನ್ನೂ ಮನೆಗೆ ಇಟ್ಟುಕೊಳ್ಳದೆ, ಮೂರೂವರೆ ವರ್ಷಕ್ಕೂ ಹೆಚ್ಚಿನ ಬೆಳೆ.

ಈ ಲೆಕ್ಕ ಒಮ್ಮೆ ತಲೆಗೆ ಹತ್ತಿದರೆ ಇಳಿಯುವುದಿಲ್ಲ. ಬೇರೆ ಹುಡುಗರು ಪೌಂಡನ್ನು ರೂಪಾಯಿಗೆ ತಿರುಗಿಸುತ್ತಿದ್ದರು, ನಾನು ರೂಪಾಯಿಯನ್ನೂ ದಾಟಿ ಚೀಲಕ್ಕೆ ಹೋಗುತ್ತಿದ್ದೆ. ಈಸ್ಟ್ ಹ್ಯಾಮಿನಲ್ಲಿ ನನ್ನ ಕೋಣೆಯ ಬಾಡಿಗೆ 450 ಪೌಂಡ್. ತಿಂಗಳಿಗೆ ಹನ್ನೆರಡು ಚೀಲ. ಹಾಸಿಗೆಗೂ ಗೋಡೆಗೂ ನಡುವೆ ಕಾಲಿಡಲು ಜಾಗ ಇಲ್ಲದ ಕೋಣೆ. ನಮ್ಮ ಮನೆಯಲ್ಲಿ ಹನ್ನೆರಡು ಚೀಲ ಇಡುವ ಮೂಲೆ ಅದಕ್ಕಿಂತ ದೊಡ್ಡದಿದೆ. ಬಸ್ಸಿಗೆ ಆಗ ಒಂದೂವರೆ ಪೌಂಡ್. ಆ ದುಡ್ಡಿಗೆ ಒಂದು ಗಂಟೆಯೊಳಗೆ ಎಷ್ಟು ಬಸ್ಸು ಬೇಕಾದರೂ ಬದಲಾಯಿಸಬಹುದು ಅಂತ ಗೊತ್ತಾದ ದಿನ ನನಗೆ ಆದ ಖುಷಿ ಡಿಗ್ರಿ ಸಿಕ್ಕಾಗಲೂ ಆಗಲಿಲ್ಲ. ಮೆಟ್ರೋ ಬಿಟ್ಟು ಎರಡು ಬಸ್ಸು ಹಿಡಿದು ಕ್ಲಾಸಿಗೆ ಹೋಗುತ್ತಿದ್ದೆ. ಎರಡನೇ ಬಸ್ಸು ಹತ್ತುವಾಗ ಕಾರ್ಡ್ ತಾಗಿಸಿದರೆ 'ಟಿಂ' ಅನ್ನುತ್ತದೆ, ದುಡ್ಡು ಹೋಗುವುದಿಲ್ಲ. ಆ ಟಿಂ ಇವತ್ತಿಗೂ ಕಿವಿಯಲ್ಲಿದೆ.

ಕಾಫಿ ಮಾತ್ರ ಕುಡಿಯಲಾಗಲಿಲ್ಲ. ಒಂದು ಫ್ಲ್ಯಾಟ್ ವೈಟ್ 2.80 ಪೌಂಡ್. ಅಂದರೆ 257 ರೂಪಾಯಿ. ನಮ್ಮ ಚೆರ್ರಿ ಕೆಜಿಗೆ 70. ಒಂದು ಲೋಟಕ್ಕೆ ಮೂರೂವರೆ ಕೆಜಿಗೂ ಜಾಸ್ತಿ ಕಾಫಿ ಹಣ್ಣು! ಅಷ್ಟು ಒಣಹಣ್ಣಿನ ಸಿಪ್ಪೆ ತೆಗೆದರೆ ಹೆಚ್ಚುಕಡಿಮೆ ಎರಡು ಕೆಜಿ ಬೇಳೆ ಬರುತ್ತದೆ. ಆ ಲೋಟಕ್ಕೆ ಅವರು ಹಾಕುವ ಪುಡಿ ಹದಿನೆಂಟು ಗ್ರಾಂ. ಈ ಲೆಕ್ಕದಲ್ಲಿ ಹಾಲು, ಬಾಡಿಗೆ, ಸಂಬಳ, ಕರೆಂಟು ಎಲ್ಲ ಇದೆ ಅಂತ ನನಗೂ ಗೊತ್ತು, ಅರ್ಥಶಾಸ್ತ್ರ ಹೇಳಿಕೊಡಲು ಬರಬೇಡಿ. ಕುಡಿಯಲು ಆಗಲಿಲ್ಲ, ಅಷ್ಟೇ.

ವಿಧಿ ನೋಡಿ, ನನಗೆ ಕೆಲಸ ಸಿಕ್ಕಿದ್ದೂ ಕಾಫಿ ಅಂಗಡಿಯಲ್ಲೇ.

ವಿದ್ಯಾರ್ಥಿಗಳು ಕ್ಲಾಸು ನಡೆಯುವ ಸಮಯದಲ್ಲಿ ವಾರಕ್ಕೆ ಇಪ್ಪತ್ತು ಗಂಟೆ ಕೆಲಸ ಮಾಡಬಹುದಿತ್ತು. ನನ್ನ ವಯಸ್ಸಿನವರಿಗೆ ಕನಿಷ್ಠ ವೇತನ ಗಂಟೆಗೆ 7.38 ಪೌಂಡ್. ನಮ್ಮ ತೋಟದಲ್ಲಿ ಆಗ ನಾವು ಕೊಡುತ್ತಿದ್ದ ದಿನಗೂಲಿ ನನಗೆ ಅಲ್ಲಿ ಅರ್ಧ ಗಂಟೆಗೆ ಬರುತ್ತಿತ್ತು. ಮೊದಲ ಸಂಬಳ ಬಂದ ದಿನ ಇದನ್ನು ಅಪ್ಪನಿಗೆ ಹೇಳಿದೆ. ಹೇಳಬಾರದಿತ್ತು. "ಹಾಗಾದ್ರೆ ನಾನೂ ಅಲ್ಲಿಗೇ ಬರ್ತೇನೆ, ಲೋಟ ತೊಳೀತೇನೆ" ಅಂತ ನಕ್ಕರು. ಆ ನಗು ಅಷ್ಟು ಚೆನ್ನಾಗಿರಲಿಲ್ಲ.

ಅಂಗಡಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು, ನೂರಕ್ಕೆ ನೂರು ಅರೇಬಿಕಾ. ಚೀಲದ ಮೇಲೂ ಅದೇ, ಕಾಗದದ ಲೋಟದ ಮೇಲೂ ಅದೇ. ತರಬೇತಿಯ ಮೊದಲ ದಿನ ನಮಗೆ ಕಲಿಸಿದವನು ಬಹಳ ಒಳ್ಳೆಯವನು, ತಾಳ್ಮೆಯ ಮನುಷ್ಯ. ಅವನು ಹೇಳಿದ, ಕಾಫಿಯಲ್ಲಿ ಎರಡು ಜಾತಿ, ಒಂದು ಅರೇಬಿಕಾ, ಇನ್ನೊಂದು ರೊಬಸ್ಟಾ, ರೊಬಸ್ಟಾ ಅಂದರೆ ಸುಟ್ಟ ಟೈರಿನ ವಾಸನೆ, ಅದನ್ನು ನಾವು ಮುಟ್ಟುವುದಿಲ್ಲ. ಉಳಿದ ಮೂವರು ತಲೆಯಾಡಿಸಿದರು. ನಾನೂ ತಲೆಯಾಡಿಸಿದೆ. ಕೆಲಸ ಬೇಕಿತ್ತು.

ಆ ರಾತ್ರಿ ಬಸ್ಸಿನಲ್ಲಿ ಹೇಳಬೇಕಾಗಿದ್ದ ಉತ್ತರಗಳೆಲ್ಲ ಒಂದೊಂದಾಗಿ ಬಂದವು. ಇಟಲಿಯವರು ಎಸ್ಪ್ರೆಸ್ಸೊ ಮೇಲಿನ ಆ ದಪ್ಪ ನೊರೆಗಾಗಿ ರೊಬಸ್ಟಾ ಬೆರೆಸುತ್ತಾರೆ, ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶವೇ ಅದು. ಒಣಗಿಸುವಾಗ ಕಣದಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಹಿಡಿದರೆ ಯಾವ ಕಾಫಿಯೂ ನಾರುತ್ತದೆ. ಇನ್ನೂ ಒಂದು ಮಾತಿತ್ತು. ನೀವು ಮುಟ್ಟದ ಆ ಕಾಫಿಯ ಬೆಲೆಯನ್ನು ಹೇಳುವುದು ನಿಮ್ಮದೇ ಊರು, ಅದೂ ಇಲ್ಲಿಂದ ನಾಲ್ಕು ಸ್ಟೇಷನ್ ಆಚೆ. ಇವನ್ನೆಲ್ಲ ಮನಸ್ಸಿನಲ್ಲೇ ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಿಕೊಂಡೆ. ಮರುದಿನ ಹೋಗಿ ಹಾಲು ಕಾಯಿಸಿ ಎಲೆಯ ಚಿತ್ರ ಬಿಡಿಸುವುದನ್ನು ಕಲಿತೆ. ಎಂಟು ತಿಂಗಳಾದರೂ ನನ್ನ ಎಲೆ ಎಲೆಯ ಹಾಗೆ ಬರಲಿಲ್ಲ. ಕರಿಮೆಣಸಿನ ಬಳ್ಳಿಗೆ ಸೊರಗು ರೋಗ ಬಂದ ಹಾಗೆ ಜೋತುಬಿದ್ದಿರುತ್ತಿತ್ತು.

ಅಪ್ಪನಿಗೆ ಒಂದೇ ಆಸೆ. ರೇಟು ಆಗುವ ಜಾಗವನ್ನು ನಾನು ನೋಡಿಕೊಂಡು ಬರಬೇಕು. ಅವರ ಮನಸ್ಸಿನಲ್ಲಿ ಅದು ಕುಶಾಲನಗರದ ಸಂತೆಯ ದೊಡ್ಡಣ್ಣನ ಹಾಗೆ ಇದ್ದಿರಬೇಕು. ರಾಶಿ ರಾಶಿ ಚೀಲ, ಬೊಂಬು ಹಾಕಿ ಕಾಳು ತೆಗೆದು ನೋಡುವವರು, ಔಟ್‌ಟರ್ನ್, ಅಂದರೆ ಒಣಹಣ್ಣಿನಿಂದ ಬರುವ ಬೇಳೆ, ಎಷ್ಟು ಅಂತ ಜಗಳ. ಒಂದು ಶನಿವಾರ ಹೋದೆ. ಮೊದಲು ಜನ ಕೂಗಾಡಿ ವ್ಯಾಪಾರ ಮಾಡುವ ಕಟ್ಟೆಗಳಿದ್ದವಂತೆ, ಈಗ ಎಲ್ಲ ಕಂಪ್ಯೂಟರಿನೊಳಗೆ. ಗಾಜಿನ ಕಟ್ಟಡಗಳು, ರಜೆಯ ದಿನ, ಒಂದು ನರಪಿಳ್ಳೆ ಇಲ್ಲ. ಕಾಫಿಯ ವಾಸನೆಯೂ ಇಲ್ಲ.

ಹಾಗೇ ಸುಮ್ನೆ ನಡೆಯುತ್ತಾ ಕಾರ್ನ್‌ಹಿಲ್ ಬೀದಿಯ ಪಕ್ಕದ ಒಂದು ಸಂದಿಗೆ ಬಂದೆ. ಸೇಂಟ್ ಮೈಕಲ್ಸ್ ಆ್ಯಲಿ. ಇಬ್ಬರು ಎದುರುಬದುರು ಬಂದರೆ ಒಬ್ಬರು ಪಕ್ಕಕ್ಕೆ ಸರಿಯಬೇಕು, ಅಷ್ಟು ಕಿರಿದು. ಅಲ್ಲಿ ಗೋಡೆಯ ಮೇಲೆ ಒಂದು ಫಲಕ. ಲಂಡನ್ನಿನ ಮೊದಲ ಕಾಫಿ ಅಂಗಡಿ ಇದ್ದ ಜಾಗ, 1652, ನಡೆಸಿದವನು ಪಾಸ್ಕ್ವಾ ರೋಸೇ ಅಂತ. ಅವನೂ ಹೊರಗಿನವನೇ, ಒಬ್ಬ ವ್ಯಾಪಾರಿಯ ಆಳಾಗಿ ಬಂದವನು. ಬಾಬಾಬುಡನ್ ಸಾಹೇಬರು ನಮ್ಮ ಕಡೆಗೆ ಬೀಜ ತಂದರು ಅನ್ನುವುದೂ ಅದೇ ಶತಮಾನದಲ್ಲಿ. ಆಗ ಲಂಡನ್ನಿನಲ್ಲಿ ಒಂದು ಪೆನ್ನಿ ಕೊಟ್ಟು ಕಾಫಿ ಅಂಗಡಿಗೆ ಹೊಕ್ಕರೆ ಎಷ್ಟು ಹೊತ್ತು ಬೇಕಾದರೂ ಕುಳಿತು ಎಲ್ಲರ ಮಾತು, ಚರ್ಚೆ ಕೇಳಬಹುದಿತ್ತಂತೆ. ಹಾಗಾಗಿ ಅವಕ್ಕೆ ಪೆನ್ನಿ ಯೂನಿವರ್ಸಿಟಿ ಅಂತಲೇ ಹೆಸರು. ಮಾತು ಜಾಸ್ತಿಯಾಯಿತು ಅಂತ ಎರಡನೇ ಚಾರ್ಲ್ಸ್ ರಾಜ 1675ರಲ್ಲಿ ಕಾಫಿ ಅಂಗಡಿಗಳನ್ನೇ ಮುಚ್ಚಿಸಲು ಆಜ್ಞೆ ಹೊರಡಿಸಿ, ಜನ ರೇಗಿದ್ದು ನೋಡಿ ಕೆಲವೇ ದಿನದಲ್ಲಿ ವಾಪಸ್ ತೆಗೆದುಕೊಂಡ. ಒಂದು ಪೆನ್ನಿಯ ಯೂನಿವರ್ಸಿಟಿ! ನಾನು ಹದಿನಾಲ್ಕು ಸಾವಿರ ಪೌಂಡಿನದರಲ್ಲಿ ಓದುತ್ತಾ ನಿಂತಿದ್ದೆ. ಫಲಕದ ಫೋಟೋ ತೆಗೆದು ಮನೆಗೆ ಕಳಿಸಿದೆ. ಅಪ್ಪನ ಉತ್ತರ ಬಂತು: "ಅದಿರಲಿ, ಸೋಮವಾರ ಏರಬಹುದಾ?"

ಮಳೆಯ ವಿಷಯ ಹೇಳದಿದ್ದರೆ ನಮ್ಮವರು ಬಯ್ಯುತ್ತಾರೆ. ಲಂಡನ್ ಅಂದರೆ ಮಳೆ ಅಂತ ಎಲ್ಲರೂ ಹೆದರಿಸಿದ್ದರು. ಅಲ್ಲಿ ವರ್ಷಪೂರ್ತಿ ಬೀಳುವುದು ಇಪ್ಪತ್ತನಾಲ್ಕು ಇಂಚು. ಭಾಗಮಂಡಲದ ಒಂದು ಜೋರು ಜುಲೈಯಲ್ಲಿ ವಾರ, ಹತ್ತು ದಿನಕ್ಕೇ ಅಷ್ಟು ಮುಗಿಯುತ್ತದೆ. ಅಪ್ಪ ದಿನಾ ಬೆಳಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟು (ಇಂಚಿನ ನೂರನೇ ಒಂದು ಪಾಲು) ಅಂತ ಡೈರಿಯಲ್ಲಿ ಬರೆಯುವವರು. ನಾನು ಫೋನಿನಲ್ಲಿ "ಇಲ್ಲಿ ಇಡೀ ದಿನ ಮಳೆ" ಅಂದರೆ "ಎಷ್ಟು ಸೆಂಟು?" ಅಂತ ಕೇಳುತ್ತಿದ್ದರು. ಸೆಂಟಿಗೂ ಸಿಗದ ಮಳೆ. ಅದಕ್ಕೆ ಸದ್ದೇ ಇಲ್ಲ. ಹೆಂಚಿಲ್ಲ, ತಗಡಿಲ್ಲ, ಬಾಳೆ ಎಲೆ ಇಲ್ಲ, ಸದ್ದು ಬರುವುದಾದರೂ ಎಲ್ಲಿಂದ? ಬಟ್ಟೆ ನೆಂದಾಗಲೇ ಮಳೆ ಬರುತ್ತಿದೆ ಅಂತ ಗೊತ್ತಾಗುತ್ತಿದ್ದದ್ದು. ಮೊದಲ ಎರಡು ತಿಂಗಳು ನಿದ್ದೆ ಬರದಿದ್ದಾಗ ಅಮ್ಮನಿಗೆ ಹೇಳಿ ನಮ್ಮ ಮನೆಯ ಮಳೆಯ ಸದ್ದನ್ನು ವಾಟ್ಸಾಪಿನಲ್ಲಿ ತರಿಸಿಕೊಂಡಿದ್ದೆ. ಮಧ್ಯದಲ್ಲಿ ನಾಯಿ ಬೊಗಳಿದ್ದೂ ಇದೆ ಅದರಲ್ಲಿ.

ಓದಿನ ಬಗ್ಗೆ ಎರಡು ಮಾತು ಸಾಕು. ಅಲ್ಲಿ 50 ಬಂದರೆ ಪಾಸು, 70 ಬಂದರೆ ಡಿಸ್ಟಿಂಕ್ಷನ್, 80 ಅಂತೂ ಕಣ್ಣಿಗೆ ಕಾಣುವುದೇ ಅಪರೂಪ. ಇದನ್ನು ಊರಿನಲ್ಲಿ ಯಾರಿಗೂ ಅರ್ಥ ಮಾಡಿಸಲಾಗಲಿಲ್ಲ. ಮೊದಲ ಪ್ರಬಂಧಕ್ಕೆ 58 ಬಂದಾಗ ಅಮ್ಮ, "ಪರವಾಗಿಲ್ಲ, ಊಟ ಸರಿಯಾಗಿ ಮಾಡು" ಅಂದರು.

ಕೊನೆಯ ಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ನಮ್ಮದೇ ಗುಡ್ಡಗಳನ್ನು. ಸೆಂಟಿನೆಲ್-2 ಅಂತ ಯುರೋಪಿನವರ ಎರಡು ಉಪಗ್ರಹಗಳಿದ್ದವು, ಐದು ದಿನಕ್ಕೊಮ್ಮೆ ಒಂದೇ ಜಾಗದ ಚಿತ್ರ ತೆಗೆಯುತ್ತಿದ್ದವು. ಚಿತ್ರಗಳು ಯಾರಿಗಾದರೂ ಪುಕ್ಕಟೆ. ಲೈಬ್ರರಿಯ ಕಂಪ್ಯೂಟರಿನಲ್ಲಿ ಕೊಡಗನ್ನು ತೆರೆದೆ. ಜೂನ್, ಬಿಳಿ. ಜುಲೈ, ಬಿಳಿ. ಆಗಸ್ಟ್ ಪೂರ್ತಿ ಬಿಳಿ. ಮೋಡವೇ. ಐದು ದಿನಕ್ಕೊಮ್ಮೆ ಏನು, ದಿನಾ ತೆಗೆದರೂ ಮಳೆಗಾಲದ ಕೊಡಗು ಮುಖ ತೋರಿಸುವುದಿಲ್ಲ. ಮಳೆ ಮುಗಿದ ಮೇಲಿನ ಒಂದು ಚಿತ್ರ ತೆರೆದಾಗ ಹಸಿರಿನ ಮೇಲೆ ಉಗುರಿನಲ್ಲಿ ಗೀರಿದ ಹಾಗೆ ಕಂದು ಗೆರೆಗಳು. ಒಂದೊಂದು ಚುಕ್ಕೆಯೂ ನೆಲದ ಮೇಲೆ ಹತ್ತು ಮೀಟರ್. ನೆಂಟರ ಮನೆ ಇದ್ದ ಜಾಗವನ್ನು ಹುಡುಕಿದೆ. ಹೊಳೆಯ ತಿರುವು ಸಿಕ್ಕಿತು, ಅಲ್ಲಿಂದ ಎಣಿಸಿದೆ. ಅವರ ಮನೆ, ಕಣ, ಕೊಟ್ಟಿಗೆ ಎಲ್ಲ ಸೇರಿ ಹತ್ತು ಹನ್ನೆರಡು ಚುಕ್ಕೆ. ಪಕ್ಕದಲ್ಲಿ ಕುಳಿತಿದ್ದ ಹುಡುಗಿ ಬಣ್ಣ ಚೆನ್ನಾಗಿದೆ ಅಂದಳು. ಅವಳ ತಪ್ಪಲ್ಲ.

ಡಿಸೆಂಬರಿನ ಒಂದು ಮಧ್ಯಾಹ್ನದ ಬಗ್ಗೆ ಹೇಳಬೇಕು. ಇಷ್ಟು ವರ್ಷದಲ್ಲಿ ಯಾರಿಗೂ ಸರಿಯಾಗಿ ಹೇಳಿಲ್ಲ.

ಮಡಿಕೇರಿಯ ಗದ್ದಿಗೆಗೆ ಸ್ಕೂಲಿನಿಂದ ಟೂರು ಹೋಗದವರು ನಮ್ಮಲ್ಲಿ ಕಡಿಮೆ. ಅಲ್ಲಿ ದೊಡ್ಡವೀರರಾಜೇಂದ್ರನ ಸಮಾಧಿ ಇದೆ, ಲಿಂಗರಾಜೇಂದ್ರನದಿದೆ. ಕೊನೆಯ ರಾಜ ಚಿಕ್ಕವೀರರಾಜೇಂದ್ರನದಿಲ್ಲ. ಅವನು ಸತ್ತದ್ದು ಲಂಡನ್ನಿನಲ್ಲಿ. 1834ರಲ್ಲಿ ಬ್ರಿಟಿಷರು ಇಳಿಸಿದರು, ಕಾಶಿಯಲ್ಲಿ ಇಟ್ಟರು. 1852ರಲ್ಲಿ ಅವನು ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಹೋದ. ಕಂಪನಿಯ ಹತ್ತಿರ ಇದ್ದ ತಮ್ಮ ಮನೆತನದ ದುಡ್ಡನ್ನು ಕೇಳುವುದಕ್ಕೆ. ಹುಡುಗಿಗೆ ಆಗ ಹನ್ನೊಂದು ವರ್ಷ. ವಿಕ್ಟೋರಿಯಾ ರಾಣಿಯೇ ದೇವಮಾತೆಯಾಗಿ ನಿಂತು ಅವಳಿಗೆ ಕ್ರೈಸ್ತ ದೀಕ್ಷೆ ಕೊಡಿಸಿದಳು, ತನ್ನ ಹೆಸರನ್ನೂ ಕೊಟ್ಟಳು. ಮಗಳನ್ನು ಅವರ ಕೈಗೆ ಕೊಟ್ಟರೆ ದುಡ್ಡಿನ ಕೆಲಸ ಸಲೀಸಾಗಬಹುದು ಅಂತ ಅಪ್ಪನ ಲೆಕ್ಕ ಇತ್ತೋ ಏನೋ. ದುಡ್ಡು ಸಿಗಲಿಲ್ಲ. ಅವನು 1859ರಲ್ಲಿ ಅಲ್ಲೇ ಸತ್ತ, ಕೆನ್ಸಲ್ ಗ್ರೀನ್ ಅನ್ನುವ ಕಡೆ ಹೂತರು. ಗೌರಮ್ಮ ತನಗಿಂತ ತುಂಬಾ ದೊಡ್ಡವನಾದ ಒಬ್ಬ ಕರ್ನಲನನ್ನು ಮದುವೆಯಾದಳು, ಒಂದು ಹೆಣ್ಣು ಮಗು ಆಯಿತು, 1864ರಲ್ಲಿ ಕ್ಷಯದಿಂದ ತೀರಿಕೊಂಡಳು. ಇಪ್ಪತ್ತಮೂರು ತುಂಬಿರಲಿಲ್ಲ. ಅವಳನ್ನು ಹೂತಿರುವುದು ಬ್ರಾಂಪ್ಟನ್ನಿನಲ್ಲಿ.

ಕ್ಷಯ ಅಂದಾಗ ನನಗೆ ನೆನಪಾಗಿದ್ದು ಬೆಂಗಳೂರಿನ ಎಕ್ಸ್‌ರೇ. ಭಾರತದಿಂದ ಓದಲು ಹೋಗುವವರು ಎದೆಯ ಎಕ್ಸ್‌ರೇ ತೆಗೆಸಿ ಕ್ಷಯ ಇಲ್ಲ ಅಂತ ಸರ್ಟಿಫಿಕೇಟ್ ಕೊಟ್ಟರೆ ಮಾತ್ರ ವೀಸಾ. ತಣ್ಣನೆಯ ಹಲಗೆಗೆ ಎದೆ ಒತ್ತಿ, ಉಸಿರು ಹಿಡಿದು ನಿಂತಿದ್ದೆ. ಆ ಊರಿಗೆ ಹೋದ ನಮ್ಮ ರಾಜನ ಮಗಳು ಸತ್ತದ್ದು ಅದೇ ಕಾಯಿಲೆಯಿಂದ, ಅದೂ ಅಲ್ಲಿ ಬೆಳೆದು.

ಈಸ್ಟ್ ಹ್ಯಾಮಿನಿಂದ ಹಸಿರು ಗೆರೆಯ ಡಿಸ್ಟ್ರಿಕ್ಟ್ ಲೈನು. ಅವತ್ತು ಬಸ್ಸು ಬಿಟ್ಟು ರೈಲು ಹಿಡಿದೆ. ಅರ್ಲ್ಸ್ ಕೋರ್ಟಿನಲ್ಲಿ ಇಳಿದು ನಡೆದರೆ ಬ್ರಾಂಪ್ಟನ್ ಸ್ಮಶಾನ. 39 ಎಕರೆ. ನಮ್ಮ ತೋಟದ ಆರೂವರೆ ಪಟ್ಟು. ಅದರ ತುಂಬಾ 35,000ಕ್ಕೂ ಹೆಚ್ಚು ಕಲ್ಲುಗಳು. ಇದನ್ನು ಮೊದಲೇ ನೋಡಿಕೊಂಡು, ನಂಬರು ಬರೆದುಕೊಂಡು ಹೋಗಬೇಕಿತ್ತು ಅಲ್ವಾ? ನಾನು ಗೌರಮ್ಮ ಅಂತ ಹೆಸರು ಓದುತ್ತಾ ಹೋದರೆ ಸಿಗುತ್ತದೆ ಅಂದುಕೊಂಡು ಹೋಗಿದ್ದೆ. ಪಾಚಿ ಹಿಡಿದ ಕಲ್ಲುಗಳು, ವಾಲಿದ ಶಿಲುಬೆಗಳು, ರೆಕ್ಕೆ ಮುರಿದ ದೇವತೆಗಳು. ಒಂದು ಅಳಿಲು ನನ್ನ ಹಿಂದೆಯೇ ಬರುತ್ತಿತ್ತು. ನಾವು ಗಿಡ ನೆಡುವಾಗ ಹಗ್ಗ ಹಿಡಿದ ಹಾಗೆ ಸಾಲು ಮಾಡಿಯೇನೂ ಇಂಗ್ಲಿಷಿನವರು ಹೂತಿಲ್ಲ, ನಡುವೆ ನಡೆಯಲು ಜಾಗ ಇಲ್ಲ. ಎರಡು ಗಂಟೆ ಓದಿದೆ. ಗಂಡಂದಿರು, ಹೆಂಡಂದಿರು, ಸೈನ್ಯದವರು, ಒಂದು ತಿಂಗಳ ಮಕ್ಕಳು. ಮೂರೂವರೆಗೆಲ್ಲ ಅಕ್ಷರ ಕಾಣುವುದು ಕಷ್ಟವಾಯಿತು, ಡಿಸೆಂಬರಿನಲ್ಲಿ ಅಲ್ಲಿ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಗೇಟು ಹಾಕುವ ಹೊತ್ತಾಯಿತು ಅಂತ ಕಾವಲಿನವರು ಸೈಕಲಿನಲ್ಲಿ ಬಂದು ಹೇಳಿದರು. ಯಾರನ್ನು ಹುಡುಕುತ್ತಿದ್ದೀರಿ, ನೆಂಟರಾ ಅಂತ ಕೇಳಿದರು.

ಹೌದು ಅಂದೆ. ಯಾಕೆ ಹಾಗೆ ಅಂದೆನೋ. ಆ ರಾಜನನ್ನು ನಮ್ಮ ಕಡೆ ಯಾರೂ ಹೊಗಳುವುದಿಲ್ಲ, ಅವನ ಕ್ರೌರ್ಯದ ಕಥೆಗಳನ್ನು ಕೇಳಿಯೇ ಬೆಳೆದವರು ನಾವು. ಅವನ ಮಗಳಿಗೂ ನನಗೂ ಯಾವ ಸಂಬಂಧ?

ಇನ್ನೊಮ್ಮೆ ಬರೋಣ, ಆಫೀಸಿನಲ್ಲಿ ಕೇಳಿ ನಕ್ಷೆ ಹಿಡಿದು ಬರೋಣ ಅಂದುಕೊಂಡೆ. ಆಮೇಲೂ ಒಂದು ವರ್ಷ ಅದೇ ಊರಿನಲ್ಲಿದ್ದೆ. ಅದೇ ಹಸಿರು ಲೈನು ನನ್ನ ಬೀದಿಯ ತುದಿಯಲ್ಲೇ ಇತ್ತು. ಹೋಗಲಿಲ್ಲ. ಕೆಲಸದ ಪಾಳಿ, ಪ್ರಬಂಧ, ನೆಗಡಿ. ಲ್ಯಾಂಬೆತ್‌ನಲ್ಲಿ ಥೇಮ್ಸ್ ದಡದ ಬಸವಣ್ಣನ ಪ್ರತಿಮೆಗೆ ಮೂರು ಸಲ ಹೋದೆ. 2015ರಲ್ಲಿ ಪ್ರಧಾನಿ ಮೋದಿ ಉದ್ಘಾಟನೆ ಮಾಡಿದ್ದು ಅದು. ಅಲ್ಲಿ ಕನ್ನಡದವರು ಸಿಗುತ್ತಿದ್ದರು, ಯಾರಾದರೂ ಚಿತ್ರಾನ್ನ ತಂದಿರುತ್ತಿದ್ದರು. ಕೊಡಗು ಅಂದರೆ "ಓ, ಕೂರ್ಗ್! ನಾವು ಹನಿಮೂನಿಗೆ ಬಂದಿದ್ವಿ" ಅನ್ನುತ್ತಿದ್ದರು. ಗೌರಮ್ಮನ ಹತ್ತಿರ ಚಿತ್ರಾನ್ನ ಇರಲಿಲ್ಲ, ಹೋಗಲಿಲ್ಲ. ನಾನು ಇಷ್ಟೇ.

ಲಂಡನ್ನಿನಿಂದ ಬಂದದ್ದು ಯಾಕೆ ಅಂತ ಈಗಲೂ ಕೇಳುತ್ತಾರೆ. ಮಣ್ಣಿನ ಸೆಳೆತ ಅಂತ ಹೇಳಿದರೆ ಕೇಳುವವರಿಗೆ ಖುಷಿ. ನಿಜ ಏನೆಂದರೆ ವೀಸಾ ಮುಗಿಯಿತು. ಓದಿದ ಮೇಲೆ ಎರಡು ವರ್ಷ ಉಳಿದು ಕೆಲಸ ಮಾಡುವ ಅವಕಾಶವನ್ನು ಅವರು 2012ರಲ್ಲೇ ತೆಗೆದಿದ್ದರು. 2019ರ ಸೆಪ್ಟೆಂಬರಿನಲ್ಲಿ, ಸರಿಯಾಗಿ ನಾನು ಪ್ರಬಂಧ ಒಪ್ಪಿಸಿದ ತಿಂಗಳು, ಅದನ್ನು ವಾಪಸ್ ತರುತ್ತೇವೆ ಅಂತ ಘೋಷಣೆ ಮಾಡಿದರು. ಆದರೆ ನಮಗಲ್ಲ, ಮುಂದೆ ಬರುವವರಿಗೆ. ನನ್ನ ಬ್ಯಾಚಿನವರೆಲ್ಲ ಆ ಸುದ್ದಿಯನ್ನು ಒಬ್ಬರಿಗೊಬ್ಬರು ಕಳಿಸಿಕೊಂಡೆವು, ಯಾರೂ ಏನೂ ಬರೆಯಲಿಲ್ಲ. ನನಗೆ ವೀಸಾ ಕೊಡಿಸುವ ಕೆಲಸ ಸಿಗಲಿಲ್ಲ. 2020ರ ಜನವರಿಯಲ್ಲಿ ವಾಪಸ್ ಬಂದೆ. ಅದೇ ತಿಂಗಳ ಕೊನೆಗೆ ಆ ದೇಶ ಯುರೋಪಿನ ಕೂಟದಿಂದ ಹೊರಗೆ ಬಂತು. ಮಾರ್ಚಿನಲ್ಲಿ ಇಡೀ ಜಗತ್ತೇ ಬಾಗಿಲು ಹಾಕಿಕೊಂಡಿತು, ಆಮೇಲೆ ಯಾರೂ ನನ್ನನ್ನು ಯಾಕೆ ಬಂದೆ ಅಂತ ಕೇಳಲಿಲ್ಲ.

ಸಾಲ ತೀರಿಸಲು ಮನೆಯಿಂದಲೇ ಕೆಲಸ ಹಿಡಿದೆ. ನೆಟ್‌ವರ್ಕ್‌ಗಾಗಿ ತೋಟದ ಮೇಲಿನ ಬಂಡೆ ಹತ್ತಿ ಕೊಡೆ ಹಿಡಿದು ಮೀಟಿಂಗ್ ಮಾಡಿದ್ದೇನೆ. ನಿಧಾನಕ್ಕೆ ತೋಟವೂ ಕೈಗೆ ಬಂತು. ಮೊದಲ ವರ್ಷ ಕಣದಲ್ಲಿ ಹಣ್ಣು ಹರಡುವಾಗ ಲೆಕ್ಕ ಉಲ್ಟಾ ನಡೆಯುತ್ತಿತ್ತು. ಈ ಸಾಲು ಒಂದು ವಾರದ ಬಾಡಿಗೆ. ಈ ಮೂಲೆ ಒಂದು ತಿಂಗಳ ಬಸ್ಸು. ಕಾಲಿಗೆ ಸಿಕ್ಕಿ ಚರಂಡಿಗೆ ಉರುಳಿದ್ದು ಒಂದು ಫ್ಲ್ಯಾಟ್ ವೈಟ್.

2024ರಲ್ಲಿ ಆದದ್ದು ನಿಮಗೂ ಗೊತ್ತು. ರೊಬಸ್ಟಾ ಲಂಡನ್ನಿನಲ್ಲಿ ಟನ್ನಿಗೆ 5,000 ಡಾಲರ್ ದಾಟಿತು. ವಿಯೆಟ್ನಾಮಿನಲ್ಲಿ ಬೆಳೆ ಕೈಕೊಟ್ಟಿತ್ತು. ನಮ್ಮಲ್ಲಿ ಚೆರ್ರಿ ಚೀಲಕ್ಕೆ ಹತ್ತು ಸಾವಿರ ದಾಟಿತು. ಅಪ್ಪ ಒಂದು ಸಂಜೆ ಕ್ಯಾಲೆಂಡರಿನ ಹಿಂದೆ ಏನೋ ಬರೆದು ಕರೆದರು. ನನ್ನ 368 ಚೀಲ ಈಗಿನ ಲೆಕ್ಕದಲ್ಲಿ ಎಷ್ಟು ಅಂತ ನೋಡಿದ್ದರು. ಪೌಂಡು ಏರಿದ್ದನ್ನೂ ಸೇರಿಸಿದ್ದರು, ಆದರೂ 150ಕ್ಕೆ ಇಳಿದಿತ್ತು. "ನೀನು ಐದು ವರ್ಷ ತಡವಾಗಿ ಹುಟ್ಟಬೇಕಿತ್ತು" ಅಂದರು.

ಈಗ ರೇಟು ನೋಡುವುದು ನನ್ನ ಕೆಲಸ, ಅಪ್ಪನ ಕಣ್ಣಿಗೆ ಪೊರೆ. ರಾತ್ರಿ ಊಟದ ಹೊತ್ತಿಗೆ ಕೇಳುತ್ತಾರೆ. ಅಲ್ಲಿ ಆಗ ಸಂಜೆ, ಮಾರುಕಟ್ಟೆ ಇನ್ನೂ ನಡೆಯುತ್ತಿರುತ್ತದೆ. ಮೊಬೈಲಿನಲ್ಲಿ ಸಂಖ್ಯೆ ಕಾಣುವ ಮೊದಲು ಅರ್ಧ ಕ್ಷಣ ಬೇರೆ ಏನೇನೋ ಕಾಣುತ್ತದೆ. ಈಸ್ಟ್ ಹ್ಯಾಮಿನ ಸ್ಟೇಷನ್ ಹೊರಗೆ ಕೊತ್ತಂಬರಿ ಕಟ್ಟು ಮಾರುವ ಹೆಂಗಸು. ಎರಡನೇ ಬಸ್ಸಿನ ಟಿಂ. ಆಮೇಲೆ ಸಂಖ್ಯೆ ಬರುತ್ತದೆ, ಓದಿ ಹೇಳುತ್ತೇನೆ.

ಹೋದ ವಾರ ಪಕ್ಕದ ತೋಟದವರ ಮಗ ಬಂದಿದ್ದ, ಅವನ ಅಪ್ಪನ ಜೊತೆ. ಲಂಡನ್ನಿನಲ್ಲಿ ಸೀಟು ಸಿಕ್ಕಿದೆ. ಅವನಿಗೆ ಕೋರ್ಸು, ಕೆಲಸ, ವೀಸಾದ ಪ್ರಶ್ನೆಗಳು. ಅವನ ಅಪ್ಪನಿಗೆ ಒಂದೇ ಪ್ರಶ್ನೆ, ಒಟ್ಟು ಎಷ್ಟು ಚೀಲ ಆಗಬಹುದು. ಕ್ಯಾಲೆಂಡರಿನ ಹಿಂದೆ ಬರೆದು ತೋರಿಸಿದೆ. ಬಸ್ಸಿನ ಗುಟ್ಟನ್ನೂ ಹೇಳಿಕೊಟ್ಟೆ. ಗೌರಮ್ಮನ ಸಮಾಧಿ ಅಲ್ಲಿದೆ, ಹೋದರೆ ನಂಬರು ಕೇಳಿಕೊಂಡು ಹೋಗು ಅಂದೆ. ಯಾವ ಗೌರಮ್ಮ ಅಂತ ಕೇಳಿದ.

ಎದ್ದು ಹೊರಟಾಗ ಅಮ್ಮ ಒಳಗಿನಿಂದ ಕಾಚಂಪುಳಿ, ಅಂದರೆ ನಮ್ಮ ಕಡೆಯ ಕಪ್ಪು ಹುಳಿರಸ, ತಂದುಕೊಟ್ಟರು, ಹಂದಿ ಮಾಂಸಕ್ಕೆ ಹಾಕಲು ಅಲ್ಲಿ ಎಲ್ಲಿ ಸಿಗುತ್ತದೆ ಅಂತ. ಗಾಜಿನ ಬಾಟಲಿಯಲ್ಲಿತ್ತು. ನಾನು ಅದನ್ನು ವಾಪಸ್ ತೆಗೆದುಕೊಂಡು ಹೋಗಿ ಪ್ಲಾಸ್ಟಿಕ್ ಬಾಟಲಿಗೆ ಸುರಿದು, ಮುಚ್ಚಳಕ್ಕೆ ಟೇಪು ಸುತ್ತಿ, ಎರಡು ಕವರಿನೊಳಗೆ ಹಾಕಿ ಕೊಟ್ಟೆ. ನನ್ನ ಬಾಟಲಿ ಸೂಟ್‌ಕೇಸಿನಲ್ಲೇ ಒಡೆದಿತ್ತು. ಇದ್ದ ಒಂದೇ ಉಣ್ಣೆ ಕೋಟು ಆ ಚಳಿಗಾಲ ಪೂರ್ತಿ ಹುಳಿ ವಾಸನೆ ಹೊಡೆಯುತ್ತಿತ್ತು, ಬಸ್ಸಿನಲ್ಲಿ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದರು.